ಒಕ್ಕುಂದವೆಂಬ ಊರ ಹೆಸರು

ಕವಿರಾಜಮಾರ್ಗದ ಮೊದಲನೆಯ ಪರಿಚ್ಛೇದದಲ್ಲಿ ಕನ್ನಡನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಹೇಳಿ, ಆ ನಾಡಿನೊಳಗೆ ಕನ್ನಡದ ತಿರುಳೆನಿಸುವ ಭಾಗವನ್ನು ನಾಲ್ಕು ಊರುಗಳ ನಡುವೆ ಗೊತ್ತುಪಡಿಸಿರುವ ಸಂಗತಿಯು ಸಾಹಿತ್ಯಾಭ್ಯಾಸಿಗಳೆಲ್ಲರಿಗೂ ವಿದಿತವಾದುದೇ. ಆ ನಾಲ್ಕು ಊರುಗಳು ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ. ಇವುಗಳಲ್ಲಿ ಕಿಸುವೊಳಲು ಈಗಿನ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು, ಕೊಪಣವು ಕೊಪ್ಪಳ, ಪುಲಿಗೆರೆಯು ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಒಂಕುಂದವು ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿನಲ್ಲಿ ಮಲಪ್ರಭೆಯ ದಡದಲ್ಲಿರುವ ಒಂದು ಚಿಕ್ಕ ಹಳ್ಳಿ. ಮೊದಲಿನ ಮೂರು ಊರುಗಳು ಶಿಲ್ಪದಿಂದಲೋ ತೀರ್ಥದಿಂದಲೋ ರಾಜಧರ್ಮದಿಂದಲೋ ಇತಿಹಾಸದಲ್ಲಿ ಹೆಸರುಪಡೆದವು. ಅವುಗಳ ವಿಷಯವಾಗಿ ಬರೆದವರೂ ಅನೇಕರು. ನಾಲ್ಕನೆಯದಕ್ಕೆ ಆ ಭಾಗ್ಯವು ಬಂದಿಲ್ಲ. ಆದರೆ ಒಂದು ವಿಷಯದಲ್ಲಿ ಈ ಹಳ್ಳಿಯು ಆ ಮಹಾನಗರಗಳನ್ನು ಮೀರಿಸಿದೆ. ಕಿಸುವೊಳಲು ತನ್ನ ಹೆಸರನ್ನು ಕಳೆದುಕೊಂಡು ಪಟ್ಟದಕಲ್ಲಾಯಿತು. ಪುಲಿಗೆರೆಯು ತನ್ನ ಹೆಸರನ್ನು ಬಿಟ್ಟು ಲಕ್ಷ್ಮೇಶ್ವರವಾಯಿತು. ಒಕ್ಕುಂದವು ಮಾತ್ರ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳಿಂದ ಒಕ್ಕುಂದವಾಗಿಯೇ ಉಳಿದಿದೆ.

ಹೀಗೆ ಉಳಿದ ಹೆಸರಿನ ಮೂಲವೇನು, ಅದರ ನಿಜವಾದ ರೂಪ ಯಾವುದು, ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಈ ಹೆಸರು ಇಂದು ಮೂರು ರೂಪಗಳಲ್ಲಿ ಕಾಣಸಿಗುತ್ತದೆ. ಕವಿರಾಜಮಾರ್ಗದ ಮುದ್ರಿತ ಪಾಠದಲ್ಲಿ ಅದು ಒಂಕುಂದ, ಸಾಹಿತ್ಯಚರಿತ್ರೆಗಳಲ್ಲಿ ಒಕ್ಕುಂದ, ಸರಕಾರಿ ದಫ್ತರಗಳಲ್ಲಿಯೂ ನಕಾಶೆಗಳಲ್ಲಿಯೂ ವಕ್ಕುಂದ. ಮೂರೂ ಒಂದೇ ಊರು ಎಂಬುದನ್ನು ತಿಳಿಯದವನು ಗ್ರಂಥದ ಊರನ್ನು ನಕಾಶೆಯಲ್ಲಿ ಒಕಾರದ ಕೆಳಗೆ ಹುಡುಕಿ, ಕಾಣದೆ, ಅದು ಹಾಳೂರೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದುದರಿಂದ ಇದು ಕೇವಲ ಅಕ್ಷರದ ಚರ್ಚೆಯಲ್ಲ. ಕನ್ನಡದ ತಿರುಳಿನ ನಾಲ್ಕು ಗಡಿಗಲ್ಲುಗಳಲ್ಲಿ ಒಂದನ್ನು ಅದರ ಸ್ಥಳದಲ್ಲಿ ಗುರುತಿಸಿಕೊಳ್ಳುವ ಪ್ರಶ್ನೆ.

ಊರ ಹೆಸರುಗಳನ್ನು ವಿಚಾರಿಸುವಾಗ ಮೊದಲು ನೆರೆಯ ಹೆಸರುಗಳನ್ನು ನೋಡಿಕೊಳ್ಳುವುದು ಯುಕ್ತ. ಆ ಸೀಮೆಯ ನಾಲ್ಕು ಮುಖ್ಯ ಊರುಗಳ ಹೆಸರುಗಳೇ ನಾಲ್ಕು ಬಗೆಯ ನಾಮಕರಣಕ್ಕೆ ಉದಾಹರಣೆಗಳಾಗಿವೆ. ಬೈಲಹೊಂಗಲದ ಪೂರ್ವಪದವು ಬಯಲು. ಅಲ್ಲಿ ನೆಲದ ಲಕ್ಷಣದಿಂದ ಹೆಸರಿಗೆ ವಿಶೇಷಣವು ಬಂದಿತು. ಕಿತ್ತೂರೆಂಬುದು ಕಿಱಿದು, ಊರ್ ಎಂಬ ಪದಗಳ ಸಮಾಸ. ಸ್ವರವು ಪರವಾದಾಗ ಕಿಱಿದೆಂಬುದು ಕಿತ್ತೆಂದಾಗುವುದಕ್ಕೆ ಕಿತ್ತೀಳೆ, ಅಂದರೆ ಇಂದಿನ ಕಿತ್ತಳೆ, ಎಂಬ ಹಣ್ಣಿನ ಹೆಸರೇ ಸಾಕ್ಷಿ. ಚಿಕ್ಕ ಊರೆಂಬ ಹೆಸರನ್ನು ಹೊತ್ತುಕೊಂಡೇ ಆ ಊರು ಸಂಸ್ಥಾನದ ರಾಜಧಾನಿಯಾಗಿ, ೧೮೨೪ರಲ್ಲಿ ರಾಣಿ ಚೆನ್ನಮ್ಮನ ಕಾಳಗದಿಂದ ದೇಶಕ್ಕೆಲ್ಲ ಪರಿಚಿತವಾಯಿತು. ಹೆಸರು ಮಾತ್ರ ಹಿಗ್ಗಲಿಲ್ಲ. ಸವದತ್ತಿಯು ರಟ್ಟರ ರಾಜಧಾನಿಯಾಗಿದ್ದ ಕಾಲದ ಶಾಸನಗಳಲ್ಲಿ ಸುಗಂಧವರ್ತಿಯೆಂದು ಸಂಸ್ಕೃತದ ಉಡುಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ರಾಮದುರ್ಗವು ಕೋಟೆಯಿಂದ ಬಂದ ಹೆಸರು. ಇವಲ್ಲದೆ ಸವದತ್ತಿ ತಾಲ್ಲೂಕಿನ ಹೂಲಿಯು ಶಾಸನಗಳಲ್ಲಿ ಪೂಲಿ; ಹಳಗನ್ನಡದ ಪಕಾರವು ಹಕಾರವಾಗುವ ನಿಯಮವು ಅಲ್ಲಿ ಸ್ಪಷ್ಟವಾಗಿದೆ. ನೆಲದ ಲಕ್ಷಣ, ಗಾತ್ರ, ಸಂಸ್ಕೃತೀಕರಣ, ಕೋಟೆಕೊತ್ತಲ, ಧ್ವನಿಪರಿವರ್ತನ ಇಷ್ಟನ್ನೂ ಗಮನದಲ್ಲಿಟ್ಟುಕೊಂಡೇ ಒಕ್ಕುಂದದ ಹೆಸರನ್ನು ಪರೀಕ್ಷಿಸಬೇಕು.

ಮೊದಲು ಸುಲಭವಾದ ರೂಪವನ್ನು ತೆಗೆದುಕೊಳ್ಳೋಣ. ವಕ್ಕುಂದವೆಂಬುದು ಅರ್ವಾಚೀನ. ಕನ್ನಡದ ಶಬ್ದಾದಿಯ ಒಕಾರವು ಆಡುಮಾತಿನಲ್ಲಿ ವಕಾರದ ಮೆಲುದನಿಯನ್ನು ಮುಂದಿಟ್ಟುಕೊಂಡು ಬರುವುದು ಎಲ್ಲರೂ ಬಲ್ಲ ಸಂಗತಿ. ಒಂದು ಎಂಬುದನ್ನು ವಂದು ಎಂದು ಬರೆದ ಕಾಗದಪತ್ರಗಳು ಬೇಕಾದಷ್ಟಿವೆ. ಒಡೆಯರು ವಡೆಯರಾದುದೂ, ಒಡ್ಡರು ವಡ್ಡರಾದುದೂ, ಒಕ್ಕಲಿಗರು ವಕ್ಕಲಿಗರಾದುದೂ ಹೀಗೆಯೇ. ಇದಕ್ಕೆ ಮತ್ತೊಂದು ಕಾರಣವೂ ಸೇರಿದೆ. ಪೇಶವೆಯರ ಆಳಿಕೆಯಿಂದ ಆ ಪ್ರಾಂತದ ಲೆಕ್ಕಪತ್ರಗಳು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ನಡೆದವು. ಮೋಡಿಯಲ್ಲಾಗಲಿ ಬಾಳಬೋಧದಲ್ಲಾಗಲಿ ಹ್ರಸ್ವ ಒಕಾರಕ್ಕೆ ಅಕ್ಷರವಿಲ್ಲ. ಒಕ್ಕುಂದವನ್ನು ಬರೆಯಬೇಕಾದ ಕಾರಕೂನನು ದೀರ್ಘ ಓಕಾರವನ್ನು ಹಾಕಬೇಕು, ಇಲ್ಲವೆ ವಕಾರವನ್ನು ಹಾಕಬೇಕು. ಕಿವಿಗೆ ಹತ್ತಿರವಾದುದು ವಕಾರವೇ. ದಫ್ತರದ ಬರವಣಿಗೆಯು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಮತ್ತೆ ಕನ್ನಡಕ್ಕೆ ಬಂದಾಗ ವಕಾರವು ಸ್ಥಿರಪಟ್ಟುದು ಸ್ವಾಭಾವಿಕ. ಆದುದರಿಂದ ಹೆಸರಿನ ಮೂಲವನ್ನು ಹುಡುಕುವಾಗ ವಕಾರವನ್ನು ಬದಿಗಿಡಬೇಕು.

ಇನ್ನು ಉಳಿದವು ಒಂಕುಂದ, ಒಕ್ಕುಂದ ಎಂಬ ಎರಡು. ಇವುಗಳಲ್ಲಿ ಯಾವುದು ಮೊದಲು? ಗ್ರಂಥದ ಪಾಠವೇ ಪ್ರಾಚೀನವೆಂದು ಒಪ್ಪುವುದು ಸಾಮಾನ್ಯ ನ್ಯಾಯ. ಆದರೆ ಗ್ರಂಥವು ಪ್ರಾಚೀನವಾದರೂ ನಮಗೆ ಬಂದಿರುವ ಓಲೆಯ ಪ್ರತಿಗಳು ಪ್ರಾಚೀನವಲ್ಲವೆಂಬುದನ್ನು ಮರೆಯಬಾರದು. ನೃಪತುಂಗನೆಂದು ಪ್ರಸಿದ್ಧನಾದ ರಾಷ್ಟ್ರಕೂಟ ಅಮೋಘವರ್ಷನ ಕಾಲ ಒಂಬತ್ತನೆಯ ಶತಮಾನ, ಕವಿರಾಜಮಾರ್ಗವನ್ನು ಕೆ. ಬಿ. ಪಾಠಕರು ಪರಿಶೋಧಿಸಿ ಅಚ್ಚಿಗೆ ಕೊಟ್ಟುದು ೧೮೯೮ರಲ್ಲಿ. ಈ ನಡುವೆ ಗ್ರಂಥವು ಎಷ್ಟೋ ಕೈಗಳನ್ನು ದಾಟಿದೆ. ಲಿಪಿಕಾರನು ತನ್ನ ಕಾಲದ ಬರವಣಿಗೆಯ ಪದ್ಧತಿಯನ್ನು ಗ್ರಂಥದಲ್ಲಿ ತರುವುದು ಸರ್ವತ್ರ ಕಂಡುಬರುವ ಮಾತು.

ಇಲ್ಲಿ ಛಂದಸ್ಸನ್ನು ಕೇಳಿ ನೋಡಬಹುದು. ಪ್ರಕೃತ ಪದ್ಯವು ಕಂದ. ಅದರ ಮೂರನೆಯ ಪಾದದ ಕೊನೆಯ ಗಣವು ಊರ ಹೆಸರಿನ ಮೊದಲೆರಡು ಅಕ್ಷರಗಳಿಂದಲೇ ಆಗಿದೆ, ಎರಡೂ ಗುರು. ಒಂ ಎಂದರೂ ಗುರು, ದ್ವಿತ್ವವು ಪರವಾದ ಒಕಾರವೂ ಗುರು, ಒರ್ ಎಂದರೂ ಗುರು. ಆದುದರಿಂದ ಒಂಕುಂದ, ಒಕ್ಕುಂದ, ಒರ್ಕುಂದ ಈ ಮೂರರಲ್ಲಿ ಯಾವುದನ್ನು ಓದಿದರೂ ಮಾತ್ರೆಗೆ ಕೊರತೆಯಿಲ್ಲ. ಛಂದಸ್ಸು ಇಲ್ಲಿ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. ಲಿಪಿಕಾರನು ಒಂದರ ಬದಲು ಇನ್ನೊಂದನ್ನು ಬರೆದಿದ್ದರೆ ಅದನ್ನು ತೋರಿಸಿಕೊಡುವ ಛಂದೋಭಂಗವೂ ಉಂಟಾಗುವುದಿಲ್ಲ.

ಹೀಗಿರುವಾಗ ಸೊನ್ನೆಯ ಬಳಕೆಯನ್ನು ಗಮನಿಸಬೇಕಾಗಿದೆ. ದಕ್ಷಿಣದೇಶದ ಓಲೆಯ ಪ್ರತಿಗಳಲ್ಲಿ, ಮುಖ್ಯವಾಗಿ ಪ್ರಾಕೃತಗ್ರಂಥಗಳ ಪ್ರತಿಗಳಲ್ಲಿ, ವ್ಯಂಜನದ ದ್ವಿತ್ವವನ್ನು ಸೂಚಿಸುವುದಕ್ಕೆ ಆ ವ್ಯಂಜನದ ಹಿಂದೆ ಒಂದು ಸೊನ್ನೆಯನ್ನಿಡುವ ಪದ್ಧತಿಯುಂಟು. ಒತ್ತಕ್ಷರವನ್ನು ಕೊರೆಯುವ ಶ್ರಮವನ್ನು ಉಳಿಸುವ ಉಪಾಯವಿದು. ಈ ಸಂಕೇತವನ್ನು ಅರಿಯದೆ ಓದಿದವನಿಗೆ ಅದು ಅನುಸ್ವಾರವಾಗಿಯೇ ತೋರುವುದು. ಅಂಥ ಪ್ರತಿಗಳಿಗೆ ಅಭ್ಯಾಸವಾದ ಕೈ ಒಕ್ಕುಂದವೆಂಬುದನ್ನು ಸೊನ್ನೆಯಿಟ್ಟು ಬರೆದಿದ್ದರೆ, ಮುಂದೆ ಪ್ರತಿಮಾಡಿದವನು ಅದನ್ನು ಒಂಕುಂದವೆಂದು ಗ್ರಹಿಸುವುದು ಸುಲಭ.

ಇದು ಕೇವಲ ಸಂಭವ. ಇದನ್ನು ದೃಢಪಡಿಸುವುದು ವ್ಯಾಕರಣ. ಕನ್ನಡ ಸಮಾಸದಲ್ಲಿ ಉತ್ತರಪದದ ಆದಿಯ ಕತಪಗಳಿಗೆ ಗದಬಗಳು ಆದೇಶವಾಗಿ ಬರುವುದು ಕೇಶಿರಾಜನಿಂದ ಇಂದಿನ ಪಾಠಶಾಲೆಯ ವ್ಯಾಕರಣದವರೆಗೆ ಎಲ್ಲರೂ ಹೇಳುವ ನಿಯಮ. ಪೂರ್ವಪದದ ಕೊನೆಯಲ್ಲಿ ಅನುನಾಸಿಕವಿದ್ದರೆ ಇದು ಬಹುಮಟ್ಟಿಗೆ ತಪ್ಪುವುದೇ ಇಲ್ಲ: ಮುನ್, ಕಯ್ ಸೇರಿ ಮುಂಗಯ್, ಪಿನ್, ಕಾಲ್ ಸೇರಿ ಪಿಂಗಾಲ್, ಕೆನ್, ಕಣ್ ಸೇರಿ ಕೆಂಗಣ್, ತೆನ್, ಕಾಯ್ ಸೇರಿ ತೆಂಗಾಯ್. ಈ ಹೆಸರಿನಲ್ಲಿ ನಿಜವಾಗಿಯೇ ಅನುಸ್ವಾರವಿದ್ದಿದ್ದರೆ ಊರು ಒಂಗುಂದವಾಗಬೇಕಾಗಿತ್ತು. ಸೊನ್ನೆಯ ಮುಂದೆಯೂ ಕಕಾರವು ಕಕಾರವಾಗಿಯೇ ಉಳಿದಿರುವುದರಿಂದ ಆ ಸೊನ್ನೆಯು ಅನುನಾಸಿಕವಲ್ಲವೆಂದೇ ತೋರುವುದು. ಒಕ್ಕುಂದವೆಂಬ ರೂಪವೇ ಪ್ರಮಾಣವೆಂಬುದಕ್ಕೆ ಇದು ಬಲವಾದ ಹೇತು. ವಕಾರವನ್ನು ಕಳೆದ ಮೇಲೆ ದಫ್ತರದ ರೂಪದಲ್ಲಿಯೂ ಉಳಿಯುವುದು ಇದೇ ದ್ವಿತ್ವ.

ಇನ್ನು ಹೆಸರಿನ ಕೊನೆ. ಇಲ್ಲಿ ಮಾತ್ರ ಛಂದಸ್ಸು ಸುಮ್ಮನಿಲ್ಲ. ಸ್ಪಷ್ಟವಾಗಿ ಸಾಕ್ಷಿ ನುಡಿಯುತ್ತದೆ. ಮೇಲೆ ಹೇಳಿದಂತೆ ಹೆಸರಿನ ಮೊದಲೆರಡಕ್ಷರಗಳು ಮೂರನೆಯ ಪಾದದಲ್ಲಿ ನಿಂತರೆ, ಕೊನೆಯ ಅಕ್ಷರವೂ ಅದರ ಮೇಲೆ ಬಂದ ಷಷ್ಠೀಪ್ರತ್ಯಯವೂ ನಾಲ್ಕನೆಯ ಪಾದದ ಆದಿಗೆ ಬೀಳುತ್ತವೆ. ಪದ್ಯದ ಪ್ರಾಸಾಕ್ಷರವು ದಕಾರ. ನಾಲ್ಕು ಪಾದಗಳಲ್ಲಿಯೂ ಎರಡನೆಯ ಅಕ್ಷರವು ದಕಾರವಾಗಿರಲೇಬೇಕು. ನಾಲ್ಕನೆಯ ಪಾದದಲ್ಲಿ ಆ ಸ್ಥಾನದಲ್ಲಿರುವುದು ಷಷ್ಠಿಯ ದಕಾರವೇ. ಆದುದರಿಂದ ಈ ಹೆಸರು ದ ಎಂಬ ಪ್ರತ್ಯಯವನ್ನು ನೇರಾಗಿ ತೆಗೆದುಕೊಳ್ಳುವ ಅಕಾರಾಂತ ನಪುಂಸಕವೆಂದು ಸಿದ್ಧವಾಗುತ್ತದೆ. ಅದು ಉಕಾರಾಂತವಾಗಿ ಕುಂದು ಎಂದಿದ್ದರೆ ಷಷ್ಠಿಯು ಕುಂದಿನ ಎಂದಾಗಿ ಪ್ರಾಸವು ಕೆಡುತ್ತಿತ್ತು. ಕುಂದಿ ಎಂದೋ ಕುಂದೆ ಎಂದೋ ಇದ್ದರೆ ಯಕಾರವು ಬಂದು ಪ್ರಾಸವು ಕೆಡುತ್ತಿತ್ತು. ಆದುದರಿಂದ ಕೊರತೆಯೆಂಬರ್ಥದ ಕುಂದಿಗಾಗಲಿ, ರಟ್ಟರು ಆಳಿದ ಕುಂಡಿನಾಡಿನ ಹೆಸರಿಗಾಗಲಿ ಇದನ್ನು ಜೋಡಿಸಲು ಅವಕಾಶವಿಲ್ಲ. ಉತ್ತರಪದವು ಕುಂದವೇ.

ಸಂಸ್ಕೃತವನ್ನು ಓದಿದವರಿಗೆ ಒಂಕುಂದವನ್ನು ಕಂಡೊಡನೆ ಓಂಕಾರವೂ ತೀರ್ಥಕುಂಡವೂ ನೆನಪಿಗೆ ಬರುವುದು ಸಹಜ. ಕುಂದವೆಂದರೆ ಮಲ್ಲಿಗೆಯ ಜಾತಿಯ ಹೂವೆಂಬುದೂ ಅವರಿಗೆ ಕಂಠಪಾಠ. ಆದರೆ ಈ ದಾರಿಯು ಎರಡು ಕಡೆ ಕಡಿದುಹೋಗಿದೆ. ಮೊದಲನೆಯದಾಗಿ ಪ್ರಣವದ ಓಕಾರವು ದೀರ್ಘ. ದೀರ್ಘದ ಮುಂದೆ ಕನ್ನಡದಲ್ಲಿ ಬಿಂದುವು ಲೋಪವಾದಾಗ ದ್ವಿತ್ವವು ಬರುವುದಿಲ್ಲ. ಸೋಂಕು ಸೋಕಾಯಿತು, ನೂಂಕು ನೂಕಾಯಿತು, ದಾಂಟು ದಾಟಾಯಿತು, ತೋಂಟ ತೋಟವಾಯಿತು. ಆ ರೀತಿಯಲ್ಲಿ ಓಂಕುಂದವು ಓಕುಂದವಾಗಬೇಕೇ ಹೊರತು ಒಕ್ಕುಂದವಾಗಲಾರದು. ಎರಡನೆಯದಾಗಿ ಕುಂಡದ ಡಕಾರವು ದಕಾರವಾಗಿ ಮಾರ್ಪಡುವುದು ಕನ್ನಡ ಊರ ಹೆಸರುಗಳ ನಡೆಯಲ್ಲ. ಹೂವಿನ ಹೆಸರಿಗೆ ಒಕ್ ಎಂಬ ಪೂರ್ವಪದವು ಹೊಂದುವುದೂ ಇಲ್ಲ.

ಹಾಗಾದರೆ ಕುಂದವೆಂದರೇನು? ಇದಕ್ಕೆ ಉತ್ತರವು ಸೋದರಭಾಷೆಗಳಲ್ಲಿದೆ. ತಮಿಳಿನ ನ್ಱಕಾರಕ್ಕೆ ಕನ್ನಡದಲ್ಲಿ ನ್ದಕಾರವೂ ಮಲೆಯಾಳದಲ್ಲಿ ನ್ನಕಾರವೂ ಬರುವುದು ನಿಯತವಾದ ಸಂಬಂಧ. ತಮಿಳಿನ ಒನ್ಱು ಕನ್ನಡದಲ್ಲಿ ಒಂದು, ಮಲೆಯಾಳದಲ್ಲಿ ಒನ್ನು. ಹಾಗೆಯೇ ಕೊನ್ಱು, ಕೊಂದು, ಕೊನ್ನು. ನಿನ್ಱು, ನಿಂದು, ನಿನ್ನು. ತಿನ್ಱು, ತಿಂದು, ತಿನ್ನು. ಎನ್ಱು, ಎಂದು, ಎನ್ನು. ಇದೇ ಸಾಲಿನಲ್ಲಿ ತಮಿಳಿನ ಕುನ್ಱು, ಕುನ್ಱಮ್ ಎಂಬ ಶಬ್ದಗಳನ್ನಿಟ್ಟು ನೋಡಬೇಕು. ಅರ್ಥವು ಗುಡ್ಡ, ಮಲೆಯಾಳದಲ್ಲಿ ಕುನ್ನು. ಕನ್ನಡದಲ್ಲಿ ನಿಯಮಕ್ಕನುಸಾರವಾಗಿ ಆಗಬೇಕಾದ ರೂಪವು ಕುಂದಂ. ಮರಮ್ ಎಂಬುದು ಮರವಾದಂತೆ ಕುನ್ಱಮ್ ಎಂಬುದು ಕುಂದವಾಗಿ, ಅಕಾರಾಂತ ನಪುಂಸಕವಾಗಿ, ಷಷ್ಠಿಯಲ್ಲಿ ದಕಾರವನ್ನು ತೆಗೆದುಕೊಳ್ಳುವುದು. ಪ್ರಾಸದಿಂದ ಸಿದ್ಧವಾದ ರೂಪವೂ ಭಾಷಾಸಂಬಂಧದಿಂದ ಸಿದ್ಧವಾದ ರೂಪವೂ ಇಲ್ಲಿ ಒಂದೇ ಆಗಿರುವುದನ್ನು ಗಮನಿಸಬೇಕು.

ಬಳಕೆಯ ಮಾತಿನಲ್ಲಿ ಕನ್ನಡವು ಈ ಶಬ್ದವನ್ನು ಗುಡ್ಡ, ಬೆಟ್ಟಗಳಿಗೆ ಬಿಟ್ಟುಕೊಟ್ಟಿತು. ಊರ ಹೆಸರುಗಳಲ್ಲಿ ಮಾತ್ರ ಅದು ಅಡಗಿ ಉಳಿದಿದೆ. ರಾಮದುರ್ಗದ ನೆರೆಯ ನರಗುಂದವನ್ನು ನೋಡಿರಿ: ಬಯಲಿನ ನಡುವೆ ಎದ್ದುನಿಂತ ಗುಡ್ಡ, ಅದರ ಮೇಲೆ ಕೋಟೆ. ೧೮೫೮ರ ಬಂಡಾಯದಿಂದ ಪ್ರಸಿದ್ಧವಾದ ಆ ಊರಿನ ಹೆಸರಿನ ಉತ್ತರಪದವು ಗುಂದ; ಆದೇಶದಿಂದ ಕಕಾರವು ಗಕಾರವಾಗಿದೆ. ಧರ್ಮಾಮೃತವನ್ನು ಬರೆದ ನಯಸೇನನ ಮುಳುಗುಂದವೂ ಇದೇ ಗುಂಪಿಗೆ ಸೇರುವುದು. ಜೈನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಕೊಂಡಕುಂದಾನ್ವಯವೆಂಬ ಮಾತಿನಲ್ಲಿರುವ ಕೊಂಡಕುಂದವು ಈಗಿನ ಆಂಧ್ರಪ್ರದೇಶದ ಗುಂತಕಲ್ಲಿನ ಬಳಿಯ ಕೊನಕೊಂಡ್ಲ ಎಂಬ ಊರು; ಅಲ್ಲಿ ಆದೇಶವಿಲ್ಲದ ಕುಂದವೇ ಉಳಿದಿದೆ. ಆ ಊರಿನಿಂದ ಹೆಸರನ್ನು ಪಡೆದ ಆಚಾರ್ಯರು ಸಂಸ್ಕೃತದಲ್ಲಿ ಕುಂದಕುಂದರಾದರು. ದೇಶ್ಯಶಬ್ದವು ಸಂಸ್ಕೃತದ ಹೂವಾಗಿ ಮಾರ್ಪಟ್ಟುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ.

ಪೂರ್ವಪದದ ವಿಚಾರವೊಂದು ಉಳಿಯಿತು. ಒಕ್ಕಲು, ಒಕ್ಕು, ಒಳ್ ಎಂಬ ಮೂರು ಶಬ್ದಗಳು ಮೊದಲು ಮನಸ್ಸಿಗೆ ಬರಬಹುದು. ಒಕ್ಕಲ್ ಎಂಬುದು ಕುಂದದೊಡನೆ ಸೇರಿದರೆ ಒಕ್ಕಲ್ಗುಂದವಾಗಬೇಕು. ಧಾನ್ಯವನ್ನು ತುಳಿಸುವ ಅರ್ಥದ ಒಕ್ಕು ಎಂಬುದು ಸೇರಿದರೆ ಒಕ್ಕುಗುಂದವಾಗಬೇಕು. ಎರಡರಲ್ಲಿಯೂ ಅಕ್ಷರಗಳು ಹೆಚ್ಚುತ್ತವೆ. ಕಂದದ ಆ ಗಣದಲ್ಲಿ ಹೆಚ್ಚಿನ ಅಕ್ಷರಕ್ಕೆ ಎಡೆಯಿಲ್ಲ. ಒಳ್ ಎಂಬುದು ಸೇರಿದರೆ, ಬೆಳ್, ಕೊಳ ಸೇರಿ ಬೆಳ್ಗೊಳವಾದಂತೆ, ಒಳ್ಗುಂದವಾಗಬೇಕು. ಅಲ್ಲಿ ಳಕಾರವು ಉಳಿಯುವುದು, ಕಕಾರವು ಗಕಾರವಾಗುವುದು. ಇವಾವುವೂ ಹೊಂದುವುದಿಲ್ಲ.

ಹೊಂದುವುದು ಒಂದೇ: ಒಂದೆಂಬ ಸಂಖ್ಯೆಗೆ ಸಮಾಸದಲ್ಲಿ ಬರುವ ಒರ್ ಎಂಬ ರೂಪ. ಎರಡೆಂಬುದಕ್ಕೆ ಬರುವ ಇರ್ ಎಂಬುದು ಕೆಲದೊಡನೆ ಸೇರಿ ಹಳಗನ್ನಡದಲ್ಲಿ ಇರ್ಕೆಲವಾಯಿತು, ಮುಂದೆ ಇಕ್ಕೆಲವಾಯಿತು. ಇಲ್ಲಿ ಕಕಾರಕ್ಕೆ ಗಕಾರವು ಬರಲಿಲ್ಲ. ರೇಫವು ಮುಂದಿನ ವ್ಯಂಜನದಲ್ಲಿ ಲೀನವಾಗಿ ದ್ವಿತ್ವವಾಯಿತು. ಒರ್ಮೆ ಒಮ್ಮೆಯಾದುದೂ, ಒಕ್ಕಣ್ಣ, ಒಕ್ಕೊರಲು, ಒಪ್ಪೊತ್ತು, ಒಮ್ಮನ ಮೊದಲಾದ ಶಬ್ದಗಳು ಇಂದಿಗೂ ನಡೆಯುವುದೂ ಇದೇ ಜಾಡಿನಲ್ಲಿ. ಆದುದರಿಂದ ಒರ್ಕುಂದವು ಒಕ್ಕುಂದವಾಯಿತೆಂದು ಹೇಳುವುದಕ್ಕೆ ವ್ಯಾಕರಣದ ಅಡ್ಡಿಯೇನೂ ಇಲ್ಲ. ಅರ್ಥವು ಒಂದೇ ಗುಡ್ಡ, ಒಂಟಿಗುಡ್ಡ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ರೇಫವು ಹೀಗೆ ಲೀನವಾಗುವುದು ನಡುಗನ್ನಡದ ಲಕ್ಷಣ. ಒಂಬತ್ತನೆಯ ಶತಮಾನದ ಗ್ರಂಥದಲ್ಲಿ ಒಕ್ಕುಂದವೆಂಬ ರೂಪವು ಹೇಗೆ ಬಂದೀತು? ಆಕ್ಷೇಪವು ಯುಕ್ತವೇ. ಸಮಾಧಾನವು ಛಂದಸ್ಸಿನಲ್ಲಿದೆ. ಒರ್ಕುಂದವೂ ಒಕ್ಕುಂದವೂ ಮಾತ್ರೆಯಲ್ಲಿ ಸಮಾನವೆಂದು ಮೇಲೆ ತೋರಿಸಿದೆ. ಕವಿಯು ಒರ್ಕುಂದವೆಂದೇ ಹೇಳಿ, ಮುಂದಿನ ಲಿಪಿಕಾರನು ತನ್ನ ಕಾಲದ ಊರ ಹೆಸರನ್ನೇ ಬರೆದಿದ್ದರೆ ಪದ್ಯಕ್ಕೆ ಏನೂ ಊನವಾಗದು. ಜನರ ನಾಲಗೆಯಲ್ಲಿರುವ ಊರ ಹೆಸರು ಗ್ರಂಥಭಾಷೆಗಿಂತ ಮೊದಲೇ ಸವೆಯುವುದೂ ಉಂಟು.

ಇನ್ನೊಂದು ಮಾತು. ತಮಿಳಿನಲ್ಲಿ ಮಲೈ ಎಂಬುದು ದೊಡ್ಡ ಬೆಟ್ಟ, ಕುನ್ಱು ಎಂಬುದು ಚಿಕ್ಕ ಗುಡ್ಡ. ಆದುದರಿಂದ ಕುಂದವೆಂಬ ಹೆಸರಿಗೆ ಮಹಾಪರ್ವತವು ಬೇಕಾಗಿಲ್ಲ. ಸುತ್ತಲಿನ ನೆಲದಿಂದ ಎತ್ತರವಾಗಿ ಕಾಣುವ ಒಂದು ದಿನ್ನೆಯೂ ಸಾಕು. ಗುಡ್ಡಗಳು ಸಾಲುಗಟ್ಟಿದ ಸೀಮೆಯಲ್ಲಿ ಒಂದು ಗುಡ್ಡವೆಂಬುದು ಗುರುತಾಗುವುದಿಲ್ಲ. ಬಯಲೇ ಹೆಸರಾದ ಹೊಂಗಲದ ಸೀಮೆಯಲ್ಲಿ ಎತ್ತರದ ನೆಲವೇ ಗುರುತು. ನೆಲವನ್ನು ನೋಡಿ ಹೆಸರಿಟ್ಟ ಒಕ್ಕಲಮಕ್ಕಳಿಗೆ ಈ ಭೇದವು ಚೆನ್ನಾಗಿ ತಿಳಿದಿತ್ತು. ಶಬ್ದದಿಂ ಸಾಧಿಸಿದ ಅರ್ಥಕ್ಕೆ ಸ್ಥಳವೇ ಕೊನೆಯ ಒರೆಗಲ್ಲು. ಊರ ಹಳೆಯ ನಿವೇಶನವನ್ನೂ ಹೊಳೆಯ ದಡದ ಏರುತಗ್ಗುಗಳನ್ನೂ ಅಳೆದು ನೋಡುವ ಕೆಲಸವನ್ನು ಆ ಭಾಗದ ಉಪಾಧ್ಯಾಯರು ಕೈಕೊಂಡರೆ ಈ ವಿಚಾರಕ್ಕೆ ಪೂರ್ಣತೆ ಬರುವುದು.

ಇದುವರೆಗಿನ ಚರ್ಚೆಯಿಂದ ಫಲಿಸಿದುದು ಇಷ್ಟು. ವಕ್ಕುಂದದ ವಕಾರವು ಆಡುಮಾತಿನಿಂದಲೂ ದಫ್ತರದಿಂದಲೂ ಬಂದುದು. ಒಂಕುಂದದ ಸೊನ್ನೆಯು ದ್ವಿತ್ವದ ಸಂಕೇತವಾಗಿರಬೇಕು. ಒಕ್ಕುಂದವು ಒರ್, ಕುಂದ ಎಂಬ ಅಚ್ಚಗನ್ನಡ ಪದಗಳ ಸಮಾಸ. ಕನ್ನಡದ ತಿರುಳು ಎಲ್ಲಿದೆಯೆಂದು ಗುರುತಿಸಲು ಗ್ರಂಥಕಾರನು ಎತ್ತಿಕೊಂಡ ಊರಿನ ಹೆಸರೂ ಕನ್ನಡದ ತಿರುಳಿನಿಂದಲೇ ಆಗಿದೆ. ಕನ್ನಡವು ಬಳಕೆಯಲ್ಲಿ ಮರೆತ ಕುಂದವೆಂಬ ಶಬ್ದವನ್ನು ಮಲಪ್ರಭೆಯ ದಡದ ಈ ಹಳ್ಳಿಯವರು ದಿನವೂ ನುಡಿಯುತ್ತಿದ್ದಾರೆ.

ಆದುದರಿಂದ ಪಠ್ಯಪುಸ್ತಕಗಳಲ್ಲಿಯೂ ನಕಾಶೆಗಳಲ್ಲಿಯೂ ಒಕ್ಕುಂದವೆಂಬ ರೂಪವನ್ನು ಮೊದಲು ಕೊಟ್ಟು, ವಕ್ಕುಂದವೆಂಬ ದಫ್ತರದ ರೂಪವನ್ನು ಅದರ ಪಕ್ಕದಲ್ಲಿ ಸೂಚಿಸುವುದು ಉಚಿತ. ಕವಿರಾಜಮಾರ್ಗದ ಪಾಠವನ್ನು ಹೇಳಿಕೊಡುವ ಉಪಾಧ್ಯಾಯರು ಮೂರು ರೂಪಗಳನ್ನೂ ಕರಿಹಲಗೆಯ ಮೇಲೆ ಬರೆದು ತೋರಿಸಿದರೆ, ಆದೇಶವೂ ದ್ವಿತ್ವವೂ ಪ್ರಾಸವೂ ಕೇವಲ ಪರೀಕ್ಷೆಯ ವಿಷಯಗಳಲ್ಲವೆಂದು, ಒಂದು ಊರನ್ನು ಅದರ ಹೆಸರಿನಿಂದ ಗುರುತಿಸುವ ಸಾಧನಗಳೆಂದು ವಿದ್ಯಾರ್ಥಿಗಳಿಗೆ ಮನದಟ್ಟಾಗುವುದು.